ಗೇಟಿನ ಬಳಿಯ ಮೊದಲ ಮುಖ

ಏಪ್ರಿಲ್ 2, 1974. ಬೆಳಗ್ಗೆ 5-10

ಎಣ್ಣೆ ನೋಡಿದೆ. ಪಟ್ಟಿ ಬಿಗಿ ಮಾಡಿದೆ. ಮರಳುಚೀಲ ಎರಡು ಹರಿದಿದ್ದವು, ಬದಲಿಸಿದೆ. ಗನ್ನರ್ ಮನ್‌ನ ಬಾತುಕೋಳಿ ನನ್ನ ಸೀಟಿನ ಮೇಲೆ ಗಲೀಜು ಮಾಡಿದೆ. ಇದನ್ನು ಕೊಯ್ಯೋದು ಯಾವತ್ತೋ ಎಂದೆ. “ಅದು ನಮ್ಮ ಟ್ರ್ಯಾಕಿನ ನಾಲ್ಕನೇ ಆಳು ಕಣೋ. ನಿನಗಿಂತ ಕಡಿಮೆ ಗೊಣಗುತ್ತೆ” ಎಂದ.

ಟ್ರ್ಯಾಕ್ ಎಂದರೆ ಚಕ್ರದ ಬದಲು ಪಟ್ಟಿಯ ಮೇಲೆ ಓಡುವ ಉಕ್ಕಿನ ಡಬ್ಬಿ, ನನ್ನ ಸೀಟು ಅದರ ಮಾಡಿನ ಮೇಲೆ. ಸ್ಟಿಯರಿಂಗಿಗೆ ಪೈಪು ಬೆಸೆದು ಮೇಲಿನಿಂದಲೇ ಓಡಿಸುತ್ತೇನೆ. ನೆಲಬಾಂಬು ಸಿಡಿದರೆ ಒಳಗಿದ್ದವನು ಉಳಿಯುವುದಿಲ್ಲ, ಮೇಲಿದ್ದವನು ಎಗರಿ ಬೀಳುತ್ತಾನೆ. ಬಿದ್ದವನಿಗೆ ಕಾಲಾದರೂ ಉಳಿದೀತು ಎಂಬ ಆಸೆ. ರಸ್ತೆ ಶೋಧಿಸುವ ಮೂವರಲ್ಲಿ ಇಬ್ಬರು ಹೋದ ತಿಂಗಳು ಸತ್ತರು. ಬದಲಿಗೆ ಯಾರೂ ಬಂದಿಲ್ಲ. ಈಗ ಮುಂದಿನ ಟ್ರ್ಯಾಕೇ ಶೋಧಕ. ಲಾರಿಗಳ ಬೆಂಗಾವಲಿನಲ್ಲಿ ಮುಂದಿನ ಟ್ರ್ಯಾಕ್ ನನ್ನದು.

ಇನ್ನು ಕ್ವೀಯಣ್ಣನ ಪೂಜೆ. ಸಾರ್ಜೆಂಟ್ ಆದರೂ ಶಕುನದ ವಿಷಯದಲ್ಲಿ ಅಜ್ಜಿ. ಕ್ಯಾಂಪಿನ ಗೇಟು ದಾಟುವಾಗ ಮೊದಲು ಹೆಂಗಸಿನ ಮುಖ ಕಂಡರೆ ಆ ದಿನ ಕೆಟ್ಟಿತಂತೆ. ಅದಕ್ಕೆಂದೇ ಅಡುಗೆಯ ಫೂಕ್‌ನನ್ನು ಎಬ್ಬಿಸಿ ಗೇಟಿನಲ್ಲಿ ನಿಲ್ಲಿಸುತ್ತಾರೆ. ದಪ್ಪ ದೇಹ, ನಗುಮುಖ, ಹೆಸರಿನ ಅರ್ಥವೇ ಭಾಗ್ಯ. ಪಾಪ, ಕಣ್ಣು ಮುಚ್ಚಿಕೊಂಡೇ ನಗುತ್ತಾನೆ.

ಅಂಟಕ್ಕಿ ಅನ್ನ ಮಾರುವ ತೂ ಅಕ್ಕ ನಾವು ಇಳಿಯುವ ರಸ್ತೆಯ ಏಳನೇ ಮೋರಿಯ ಪಕ್ಕದ ಹಳ್ಳಿಯವಳು. ಬೆಳಕು ಹರಿಯುವ ಮುಂಚೆ ಅದೇ ರಸ್ತೆಯಲ್ಲಿ ನಡೆದು ಬರುತ್ತಾಳೆ. ನಮ್ಮ ಟ್ರ್ಯಾಕ್ ದಾಟುವವರೆಗೆ ಮರಳುಚೀಲದ ಗೋಡೆಯ ಹಿಂದೆ ಬುಟ್ಟಿ ಹಿಡಿದು ಅಡಗಿರಬೇಕು. “ನನ್ನ ಮುಖ ಬೇಡ, ನನ್ನ ಅನ್ನ ಮಾತ್ರ ಬೇಕು, ಅಲ್ವಾ?” ಎಂದು ಅಲ್ಲಿಂದಲೇ ಕೂಗುತ್ತಾಳೆ. ನಾನು ಹೊಟ್ಟೆ ಹಿಡಿದು ನಗುತ್ತೇನೆ. ಕ್ವೀಯಣ್ಣ ನನ್ನ ಹೆಲ್ಮೆಟ್ಟಿಗೆ ಒಂದು ಕುಟ್ಟುತ್ತಾರೆ.

ಏಪ್ರಿಲ್ 5. ಮಧ್ಯಾಹ್ನ

ಕೆಳಗೆ ಪ್ಲೇಕುವಿನಿಂದ ಹದಿನೆಂಟು ಲಾರಿ ಹೊರಟವು. ಹದಿನಾಲ್ಕು ನಮ್ಮ ದಾಕ್ ತೊಮ್ ಕ್ಯಾಂಪು ತಲುಪಿದವು. ಅಕ್ಕಿ ಬಂತು, ಮದ್ದುಗುಂಡು ಅರ್ಧವೂ ಇಲ್ಲ. ಇನ್ನು ಮೇಲೆ ದಿನಕ್ಕೆ ಇಷ್ಟೇ ಗುಂಡು ಎಂದು ಆರ್ಡರ್ ಆಗಿದೆ. ಕಾಡಿನವರಿಗೂ ಒಂದು ಪ್ರತಿ ಕಳಿಸಿ, ಅವರೂ ಅಷ್ಟೇ ಹೊಡೆಯಲಿ ಎಂದೆ. ಯಾರೂ ನಗಲಿಲ್ಲ.

ಸಂಜೆ 4

ಸಂಸಾರದವರ ಕ್ಯಾಂಪಿಗೆ ಹೋಗಿ ಬಂದೆ. ನನ್ನ ಹೆಂಡತಿ ಸೆನ್‌ಗೆ ಎಂಟು ತಿಂಗಳು ತುಂಬಿದೆ. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ನನ್ನನ್ನು ಹೊರಗೆ ಕರೆದು ಹೇಳಿದಳು. “ಮಗು ಅಡ್ಡ ಬಿದ್ದಿದೆಯಪ್ಪಾ. ನನ್ನ ಕೈಲಾಗಲ್ಲ. ಪ್ಲೇಕು ಆಸ್ಪತ್ರೆಗೆ ಇಳಿಸು. ಇಲ್ಲೇ ನೋವು ಬಂದ್ರೆ ಇಬ್ರೂ ಉಳಿಯಲ್ಲ.”

ಇಬ್ಬರೂ ಎಂದಳು.

ಏಪ್ರಿಲ್ 9

ಡೀಸೆಲ್ ಇಲ್ಲ. ನಾಲ್ಕು ದಿನದಿಂದ ಬೆಂಗಾವಲೂ ಇಲ್ಲ. ಹೆಲಿಕಾಪ್ಟರ್ ಕೇಳಿದೆ. ಗಾಯಾಳುಗಳಿಗೆ ಮಾತ್ರವಂತೆ. ಬಸುರಿ ಗಾಯಾಳು ಅಲ್ಲವಂತೆ. ಕ್ಯಾಪ್ಟನ್ ಒಳ್ಳೆಯವರು, ಹೇಳುವಾಗ ನನ್ನ ಮುಖ ನೋಡಲಿಲ್ಲ. ನನಗೆ ಉರಿದುಹೋಯಿತು. ಸೆಲ್ಯೂಟ್ ಹೊಡೆದು ಬಂದೆ, ಇನ್ನೇನು ಮಾಡಲಿ.

ಏಪ್ರಿಲ್ 14

ಅನುಮತಿ ಸಿಕ್ಕಿತು! ನಾಡಿದ್ದು ಖಾಲಿ ಲಾರಿಗಳು ಕೆಳಗಿಳಿಯುತ್ತವೆ. ಮೂರನೇ ಲಾರಿಯಲ್ಲಿ ಸೆನ್. ಜಾಗ ಕೊಡಿಸಿದ್ದು ಕ್ವೀಯಣ್ಣ. ಹೇಗೆ ಎಂದರೆ “ನಿನಗ್ಯಾಕೋ? ಗಂಡು ಹುಟ್ಟಿದ್ರೆ ನನ್ನ ಹೆಸರಿಡು” ಎಂದರು.

ಸೆನ್‌ಗೆ ಕೆಲಸದ ರೀತಿ ವಿವರಿಸಿದೆ. ಲಾರಿಗಳು ನನ್ನ ಪಟ್ಟಿಯ ಗುರುತಿನ ಮೇಲೇ ಚಕ್ರ ಇಡಬೇಕು. ಗೇಣು ಆಚೆ ಇಲ್ಲ, ಈಚೆ ಇಲ್ಲ. ನಾನು ದಾಟಿದ ಜಾಗ ಎಂದರೆ ದಾಟಬಹುದಾದ ಜಾಗ.

“ಅಂದ್ರೆ ಏನಾದ್ರೂ ಇದ್ರೆ ಮೊದಲು ನಿಮಗೆ?”

“ಹೂಂ. ಅದಕ್ಕೇ ನೀನು ಆರಾಮಾಗಿ ಕೂತ್ಕೋ.”

“ಥೂ, ಬಾಯಲ್ಲಿ ಒಳ್ಳೇದು ಬರಲ್ವಾ?” ಬೆನ್ನಿಗೆ ಗುದ್ದಿದಳು. ಆಮೇಲೆ ತಾನೇ ನಕ್ಕಳು. “ನಾನೂ ಹೆಂಗಸೇ ಅಲ್ವೇನ್ರೀ? ನಿಮ್ಮ ಸಾರ್ಜೆಂಟ್ ನನ್ನನ್ನ ಹೇಗೆ ಹತ್ತಿಸ್ಕೊಂಡ್ರು?”

“ನೀನು ಹಿಂದೆ ಇರ್ತೀಯ. ಮುಂದೆ ಬರಬಾರ್ದು, ಅಷ್ಟೆ.”

ಏಪ್ರಿಲ್ 16. ಬೆಳಗ್ಗೆ 5-20

ಸೆನ್ ಹತ್ತಿದಳು. ಕೆಳಗೆ ಮೂರು ಚೀಲ ಹುಲ್ಲು ಹಾಸಿದ್ದೇನೆ. ಕೈ ತಣ್ಣಗಿತ್ತು ಅವಳದು. ನನ್ನದೂ.

ನಗಬೇಡ, ಥಾಕ್ — ನಿನಗೆ ನೀನೇ ಬರೆದುಕೊಳ್ಳುತ್ತಿದ್ದೀಯ. ಇವತ್ತು ಫೂಕ್‌ನನ್ನು ಎಬ್ಬಿಸಿದ್ದು ಕ್ವೀಯಣ್ಣ ಅಲ್ಲ, ನಾನು. ಮುಖ ತೊಳಿ, ಚೆನ್ನಾಗಿ ನಗು, ಕಣ್ಣು ತೆರೆದು ನಗು ಎಂದೆ. ಒಂದು ಸಲ ನಗಿಸಿಯೂ ನೋಡಿದೆ.

ಇಂಜಿನ್ ಶುರು.

ಏಪ್ರಿಲ್ 20

ಬರೆಯಬೇಕು. ಬರೆಯದಿದ್ದರೆ ತಲೆ ಕೆಟ್ಟುಹೋಗುತ್ತದೆ.

ಗೇಟು ಇನ್ನೂ ಇಪ್ಪತ್ತು ಮಾರು ಇತ್ತು. ತೂ ಅಕ್ಕ ಗೋಡೆಯ ಹಿಂದೆ ಇರಲಿಲ್ಲ. ರಸ್ತೆಯ ನಡುವೆ, ನಮ್ಮ ಕಡೆಗೇ, ಎರಡೂ ಕೈ ಎತ್ತಿ ಓಡಿ ಬರುತ್ತಿದ್ದಳು. ಬುಟ್ಟಿ ಇಲ್ಲ. ಬರಿಗಾಲು. ಏನೋ ಕೂಗುತ್ತಿದ್ದಳು. ಕೇಳಿಸಿಕೊಳ್ಳುವುದು ಯಾರಿಗೆ ಬೇಕಿತ್ತು? ಬುಟ್ಟಿ ಬಿಟ್ಟು ಏಕೆ ಓಡಿ ಬಂದಳು ಎಂದು ಒಂದು ಕ್ಷಣ ಯೋಚಿಸಬಾರದಿತ್ತೇ ನಾನು? ನನಗೆ ಕಂಡದ್ದು ಒಂದೇ — ಹೆಂಗಸು, ಮೊದಲ ಮುಖ, ಅದೂ ಇವತ್ತು.

ಕ್ವೀಯಣ್ಣ ಬಾಯಿ ತೆರೆಯುವ ಮುಂಚೆ ನಾನು ಅರಚಿದೆ. “ಹೋಗು ಆಚೆ! ಹಾಳು ಮುಂಡೆ, ಇವತ್ತೇ ಬೇಕಿತ್ತಾ ನಿನಗೆ? ಎಳ್ಕೊಂಡು ಹೋಗ್ರೋ ಅವಳನ್ನ!” ಅಷ್ಟು ದಿನ ಅವಳ ಕೈಯ ಅನ್ನ ತಿಂದ ಬಾಯಿ. ಕಾವಲಿನವನು ಅವಳ ಬಾಯಿ ಒತ್ತಿ ಹಿಡಿದು ಗೋಡೆಯ ಹಿಂದೆ ಎಳೆದ. ನಾನು ಕಣ್ಣು ಮುಚ್ಚಿ ಟ್ರ್ಯಾಕನ್ನು ಹಿಂದಕ್ಕೆ ತಂದೆ. ಫೂಕ್‌ನನ್ನು ಮತ್ತೆ ನಿಲ್ಲಿಸಿದೆವು. ಫೂಕ್ ನಕ್ಕ. ಹೊಸದಾಗಿ ಹೊರಟೆವು. ಶಕುನವನ್ನು ಸರಿಮಾಡಿಕೊಂಡು ಹೊರಟೆವು!

ಏಳನೇ ಮೋರಿ ಹತ್ತು ನಿಮಿಷದ ದಾರಿ. ನಾನು ದಾಟಿದೆ. ಏನೂ ಆಗಲಿಲ್ಲ. ಒಂದನೇ ಲಾರಿ ದಾಟಿತು. ಎರಡನೆಯದೂ ದಾಟಿತು. ಬಿದಿರ ಮೆಳೆಯಲ್ಲಿ ಬಾಂಬಿನ ತಂತಿ ಹಿಡಿದು ಕೂತವನಿಗೆ ಟ್ರ್ಯಾಕ್ ಬೇಕಿರಲಿಲ್ಲ.

ಮೂರನೇ ಲಾರಿಯ ಕೆಳಗೆ ಸಿಡಿಯಿತು. ಟ್ರ್ಯಾಕಿನಿಂದ ಹಾರಿ ಹಿಂದಕ್ಕೆ ಓಡಿದೆ. ಮನ್ ಮೆಳೆಗೆ ಗುಂಡು ಸುರಿದ, ಆ ದಿನದ್ದಷ್ಟೂ. ಕ್ವೀಯಣ್ಣನ ರೇಡಿಯೋದಲ್ಲಿ ಫೂಕ್‌ನ ದನಿ ಬಂತು, ಅಳುತ್ತಿದ್ದ. “ಏಳನೇ ಮೋರಿ ದಾಟ್ಬೇಡಿ, ತೂ ಅಕ್ಕ ಅಲ್ಲಿ ಹೊಸದಾಗಿ ಅಗೆದ ಮಣ್ಣು ನೋಡಿದ್ದಾಳೆ, ದಾಟ್ಬೇಡಿ…”

ಸೆನ್ ಹುಲ್ಲಿನ ಮೇಲೇ ಇದ್ದಳು. ಮುಖಕ್ಕೆ ಏನೂ ಆಗಿರಲಿಲ್ಲ. ನನ್ನ ತೋಳು ಹಿಡಿದು “ರೀ, ಮಗು” ಎಂದಳು. ಕೆಳಗೆ ನೋಡಬೇಡ ಎಂದು ಕ್ವೀಯಣ್ಣ ನನ್ನ ತಲೆ ಒತ್ತಿ ಹಿಡಿದರು.

ಹೆಲಿಕಾಪ್ಟರ್ ಬಂತು. ಈಗ ಅವಳು ಗಾಯಾಳು ತಾನೇ? ಬಂತು. ನನಗೆ ಹತ್ತಲು ಜಾಗ ಇರಲಿಲ್ಲ.

ಏಪ್ರಿಲ್ 23

ಸುದ್ದಿ ಇಲ್ಲ. ಯಾರಾದರೂ ನನಗೆ ಎರಡು ಏಟು ಹೊಡೆಯಬಾರದೇ? ಎಲ್ಲರೂ ಸಿಗರೇಟು ಕೊಡುತ್ತಾರೆ. ಮನ್ ಬಾತುಕೋಳಿ ಕೊಯ್ದು ಸಾರು ಮಾಡಿ ತಂದಿಟ್ಟ. ಹಾಗೇ ಆರಿಹೋಯಿತು.

ಕ್ವೀಯಣ್ಣನ ಮೇಲೆ ಕೂಗಾಡಿದೆ. ನಿಮ್ಮ ಶಕುನ, ನಿಮ್ಮ ಫೂಕ್, ನಿಮ್ಮ ಮನೆ ಹಾಳಾಗ ಎಂದೆ. ಎಲ್ಲ ಕೇಳಿಸಿಕೊಂಡರು. “ನಂದೇ ತಪ್ಪು ಅಂತ ಬರ್ಕೋ ನಿನ್ನ ಪುಸ್ತಕದಲ್ಲಿ. ನಾನು ಹೊರ್ತೀನಿ” ಎಂದರು.

ಬರೆಯುವುದಿಲ್ಲ. ಅರಚಿದ್ದು ನಾನು.

ಏಪ್ರಿಲ್ 25. ಬೆಳಗ್ಗೆ 11

ಪ್ಲೇಕುವಿನಿಂದ ರೇಡಿಯೋ. ಕ್ಯಾಪ್ಟನ್ ಕರೆಸಿ ಕೂರಿಸಿದರು. ಕೂರಿಸಿದಾಗಲೇ ತಿಳಿಯಿತು.

ಹೊಟ್ಟೆ ಕೊಯ್ದು ಮಗು ತೆಗೆದರಂತೆ. ಬದುಕಿದೆ. ಹೆಣ್ಣು. ಸೆನ್ ಮರುದಿನ ಹೋದಳು. ಮಗುವನ್ನು ನೋಡಿದಳೋ ಇಲ್ಲವೋ, ಅವರಿಗೂ ಗೊತ್ತಿಲ್ಲ.

ಹೆಣ್ಣು.

ಮೇ 1

ತೂ ಅಕ್ಕ ಆ ದಿನದಿಂದ ಬಂದಿಲ್ಲ. ಬರಲಿ ಎನ್ನುವ ಮುಖ ನನಗಿಲ್ಲ. ಮಗು ಪ್ಲೇಕುವಿನಲ್ಲಿ ಅತ್ತೆಯ ಹತ್ತಿರ ಇದೆ. ಹಾಲಿಗೆ ಪಕ್ಕದ ಬಾಣಂತಿಯಂತೆ. ತೂಕ ಸಾಲದಂತೆ. ಮಳೆ ಹಿಡಿದರೆ ರಸ್ತೆ ಮುಚ್ಚುತ್ತದೆ, ಆಮೇಲೆ ದೇವರೇ ಗತಿ. ನಾಡಿದ್ದು ಕೊನೆಯ ಬೆಂಗಾವಲು, ಪ್ಲೇಕುವರೆಗೆ. ಎರಡು ದಿನ ರಜೆ ಕೊಟ್ಟಿದ್ದಾರೆ.

ತಲುಪಬೇಕು. ಬೇರೇನೂ ಬೇಡ.

ಮೇ 3. ಬೆಳಗ್ಗೆ 5-35

ಟ್ರ್ಯಾಕಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ಹಿಂದೆ ಹನ್ನೊಂದು ಲಾರಿ. ಸಂಸಾರಗಳು, ಮಕ್ಕಳು. ಎಲ್ಲರೂ ನನ್ನ ಜಾಡಿನಲ್ಲಿ ಬರುವವರು.

ಗೇಟಿನಲ್ಲಿ ಫೂಕ್ ನಿಂತಿದ್ದಾನೆ. ನಗು ಬರುತ್ತಿಲ್ಲ ಅವನಿಗೆ. ಗೋಡೆಯ ಹಿಂದೆ ಬುಟ್ಟಿಯ ಅಂಚು ಕಂಡಿತು. ಬಂದಿದ್ದಾಳೆ. ಅಷ್ಟೆಲ್ಲ ಅನ್ನಿಸಿಕೊಂಡೂ ಬಂದಿದ್ದಾಳೆ, ನಿಯಮದಂತೆ ಅಡಗಿ ಕೂತಿದ್ದಾಳೆ.

ಇಳಿದು ಹೋದೆ. ಮಣ್ಣಿನಲ್ಲಿ ಮಂಡಿ ಊರಿದೆ. “ಅಕ್ಕಾ, ನನ್ನ ನಾಲಿಗೆ ಸೇದುಹೋಗ. ಹೊರಗೆ ಬಾ. ಎಲ್ಲರ ಮುಂದೆ ನಿಲ್ಲು. ನಿನ್ನ ಮುಖ ನೋಡ್ಕೊಂಡೇ ಹೊರಡ್ತೀನಿ.”

ಬುಟ್ಟಿ ಹಿಡಿದು ಎದ್ದು ಹೊರಗೆ ಬಂದಳು. “ಮಗು ಹೇಗಿದೆಯೋ ತಮ್ಮಾ?”

“ನಾನಿನ್ನೂ ನೋಡಿಲ್ಲಕ್ಕ.”

“ಹಾಗಾದ್ರೆ ಮೊದಲು ಆ ಡಬ್ಬಾ ನಿಲ್ಲಿಸು. ಆವತ್ತೂ ಇದೇ ಗಲಾಟೆ.”

ಇಂಜಿನ್ ಆಫ್ ಮಾಡಿದೆ. ಹನ್ನೊಂದು ಲಾರಿಗಳೂ ಆಫ್. ಶುರುವಾಗದಿದ್ದರೆ ಏನೋ ಗತಿ ಎಂದು ಮನ್ ಗೊಣಗಿದ. ಕ್ವೀಯಣ್ಣ ಹೆಲ್ಮೆಟ್ ತೆಗೆದು ಅವಳ ಮುಂದೆ ನಿಂತಿದ್ದಾರೆ. ಬುಟ್ಟಿ ಕೆಳಗಿಟ್ಟು ನಡೆದು ಬಂದ ದಾರಿಯನ್ನು ಒಂದೊಂದೇ ಹೇಳುತ್ತಿದ್ದಾಳೆ. ಮರೆಯಬಾರದು, ಬರೆದುಕೊಳ್ಳುತ್ತಿದ್ದೇನೆ.

ಒಂದನೇ ಮೋರಿ, ಸರಿ ಇದೆ. ಬಾಳೆತೋಟದ ತಿರುವು, ದನ ದಾಟಿವೆ, ಸರಿ ಇದೆ. ಮೂರನೇ ಮೋರಿ, ನೀರು ನಿಂತಿದೆ, ಹಳೆಯ ನೀರು. ಸುಟ್ಟ ಲಾರಿಯ ಹತ್ತಿರ ಯಾರೂ ಇಲ್ಲ. ಐದನೇ ಮೋರಿ, ಬಲಗಡೆ ಬಿಡಬೇಕು, ಎಡಕ್ಕೆ ಒತ್ತಿ ಹೋಗಬೇಕು. ಆರು, ಸರಿ ಇದೆ. ಏಳನೇ ಮೋರಿ, ಎಂದಳು. ಈ ಸಲ ಪೂರ್ತಿ ಕೇಳಿಸಿಕೊಂಡೇ ಹೊರಡುತ್ತೇನೆ.