ಉಪ್ಪಿನ ಬುಗ್ಗೆಯ ನಲವತ್ತು ಎಕರೆ

ಡೋ ಲಿಕ್ ನೆಲೆ, ಗ್ರೀನ್ ನದಿಯ ದಂಡೆ, ಕೆಂಟಕಿ
ಭಾನುವಾರ, 9 ಅಕ್ಟೋಬರ್ 1803

ಪ್ರೀತಿಯ ಮಗಳು ಕೆಜಾಯಳಿಗೆ,

ಹೇಗಿದ್ದೀಯಮ್ಮಾ? ಬೇಸಿಗೆಯಲ್ಲಿ ಹಿಡಿದ ಚಳಿಜ್ವರ ಬಿಟ್ಟಿತೇ? ಮಗುವಿಗೆ ಹಲ್ಲು ಬರುತ್ತಿದ್ದರೆ ಎದೆಗೆ ಕರಡಿಯ ಕೊಬ್ಬು ಉಜ್ಜು ಎಂದು ನಿನ್ನ ಚಿಕ್ಕಮ್ಮ ಹೇಳಿದ್ದಾಳೆ. ಹಲ್ಲಿಗೂ ಎದೆಗೂ ಏನು ಸಂಬಂಧವೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ನಾನು ಗಟ್ಟಿಯಾಗಿದ್ದೇನೆ. ಐವತ್ತೆಂಟು ತುಂಬಿದರೂ ಹೋದ ತಿಂಗಳು ಪಕ್ಕದವರ ಮನೆ ಎಬ್ಬಿಸುವಾಗ ತೊಲೆಯ ಒಂದು ತುದಿಯನ್ನು ಒಬ್ಬನೇ ಎತ್ತಿದೆ, ಇನ್ನೊಂದು ತುದಿಗೆ ಮೂವರಿದ್ದರು. ಇಬ್ಬರೇ ಇದ್ದರು ಎಂದು ಚಿಕ್ಕಮ್ಮ ವಾದಿಸುತ್ತಾಳೆ. ಅವಳ ಲೆಕ್ಕದಲ್ಲಿ ನನ್ನ ಶೌರ್ಯಕ್ಕೆ ಯಾವಾಗಲೂ ಒಂದಾಳು ಕಡಿಮೆಯೇ. ಈಗ ಊರೆಲ್ಲ ಪ್ರಾರ್ಥನೆಗೆ ಹೋಗಿದೆ. ನಾನು ಹೋಗಿಲ್ಲ. ಯಾಕೆಂದು ಓದು, ತಿಳಿಯುತ್ತದೆ.

ಅಕ್ಷರ ಓರೆಕೋರೆಯಾಗಿದ್ದರೆ ಅದು ವಯಸ್ಸಿನಿಂದಲ್ಲ, ಸಿಟ್ಟಿನಿಂದ. ನಿನ್ನ ಅಪ್ಪ, ನನ್ನ ಅಣ್ಣ ಜೋಥಮ್, ಸಾಯುವಾಗ ನಿನ್ನೊಬ್ಬಳ ಹೆಸರಿಗೆ ಬರೆದಿಟ್ಟ ನೆಲವಿದೆಯಲ್ಲ, ಉಪ್ಪಿನ ಬುಗ್ಗೆ ಇರುವ ನಲವತ್ತು ಎಕರೆ, ಅದನ್ನು ನಮ್ಮ ಸಭೆಯ ಹಿರಿಯ ಥಡ್ಡಿಯಸ್ ಕ್ರಚರ್ ಚರ್ಚಿನ ಹೆಸರಿಗೆ ಬರೆಸಿಕೊಳ್ಳುತ್ತಿದ್ದಾನೆ. ಪೂರ್ತಿ ನಲವತ್ತು! ಕೊಡುತ್ತೇನೆಂದು ಹೇಳಿದ್ದು ಒಂದು ಎಕರೆ. ಹೇಳಿದವನು ನಾನೇ, ಮುಚ್ಚಿಡುವುದಿಲ್ಲ. ಆಗಸ್ಟಿನಲ್ಲಿ ಕಾಡಿನೊಳಗೆ ನಾಲ್ಕು ದಿನದ ಪ್ರಾರ್ಥನೆ ಕೂಟ ನಡೆಯಿತು. ಮೂರನೆಯ ದಿನ ಜನ ಭಕ್ತಿಯ ಆವೇಶದಲ್ಲಿ ಅಳುತ್ತಾ ನೆಲಕ್ಕೆ ಬೀಳತೊಡಗಿದರು. ನಾನೂ ಬಿದ್ದೆ, ಎಲ್ಲರಿಗಿಂತ ಜೋರಾಗಿಯೇ ಬಿದ್ದೆ. ಎದ್ದವನೇ ಮರದ ಮೋಟು ಹತ್ತಿ, "ದೇವರ ಮನೆ ಕಟ್ಟೋಕೆ ನಮ್ಮ ವಂಶದಿಂದ ಒಂದು ಎಕರೆ!" ಎಂದು ಕೂಗಿಬಿಟ್ಟೆ. ಸಾವಿರ ಜನ ಆಮೆನ್ ಎಂದರು. ಅಂಥ ಆಮೆನ್ ಈ ನದಿಯ ದಂಡೆಯಲ್ಲಿ ಇನ್ನೊಬ್ಬನಿಗೆ ಸಿಕ್ಕಿಲ್ಲ. ಚಿಕ್ಕಮ್ಮ ಮಾತ್ರ ನನ್ನ ಕೋಟಿನ ತುದಿ ಹಿಡಿದು ಜಗ್ಗಿ, "ಇಳೀರಿ ಕೆಳಗೆ! ಕೆಜಾಯಳ ನೆಲ ಕೊಡೋಕೆ ನೀವ್ಯಾರು?" ಎಂದಳು. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ ಎಂದುಕೋ.

ಒಂದು ಎಕರೆಯಲ್ಲಿ ಪ್ರಾರ್ಥನೆಗೆ ಮನೆ ಕಟ್ಟಬಹುದು, ಸತ್ತವರನ್ನು ಮಣ್ಣು ಮಾಡಬಹುದು, ಬಂದವರ ಕುದುರೆ ಕಟ್ಟಬಹುದು. ನೀನೂ ಬೇಡ ಎನ್ನುತ್ತಿರಲಿಲ್ಲ. ಆದರೆ ಸರಪಳಿ ಹಿಡಿದು ಅಳೆಯುವ ದಿನ ಈ ಮಹಾನುಭಾವರು ನನಗೆ ಸುದ್ದಿಯನ್ನೇ ಕೊಡಲಿಲ್ಲ. ತಪ್ಪಿಸಿಕೊಂಡ ಹಂದಿಯನ್ನು ಹುಡುಕುತ್ತಾ ಹೋದವನಿಗೆ ದೊಡ್ಡ ಸಿಕಮೋರ್ ಮರದ ಮೇಲೆ ಕೊಡಲಿಯ ಹೊಸ ಗುರುತು ಕಂಡಿತು. ಗಡಿಯ ಗುರುತು. ಅಲ್ಲಿಂದ ಇನ್ನೊಂದು, ಮತ್ತೊಂದು. ಹಿಂಬಾಲಿಸಿದೆ. ಹಳ್ಳ ದಾಟಿತು, ಬುಗ್ಗೆಯನ್ನು ಬಳಸಿತು, ನಿನ್ನ ಅಪ್ಪನ ಗೋರಿಯನ್ನೂ ಒಳಗೆ ಹಾಕಿಕೊಂಡು ಗುಡ್ಡದ ಬುಡಕ್ಕೆ ಹೋಗಿ ನಿಂತಿತು. ಬುಗ್ಗೆಯ ಪಕ್ಕದಲ್ಲಿ ಕ್ರಚರ್ ಅಂಗಿಯ ತೋಳು ಮಡಿಸಿಕೊಂಡು, ಬುಗ್ಗೆಯ ನೀರು ಕಾಯಿಸಿ ಉಪ್ಪು ತೆಗೆಯಲು ಆರು ಹೊಸ ಕಬ್ಬಿಣದ ಕೊಪ್ಪರಿಗೆಗಳನ್ನು ಒಲೆಯ ಮೇಲೆ ಕೂರಿಸುತ್ತಿದ್ದ. ಪ್ರಾರ್ಥನೆ ಮನೆಯ ಒಂದು ತೊಲೆಯೂ ಬಂದಿಲ್ಲ, ಕೊಪ್ಪರಿಗೆ ಬಂದಿವೆ!

"ಏನ್ರೀ ಕ್ರಚರ್, ನನ್ನ ಒಂದು ಎಕರೆ ಇಷ್ಟು ದೂರ ನಡ್ಕೊಂಡು ಬಂದಿದೆ?" ಎಂದೆ. "ಸೋದರ ಬಾರ್ನಬಸ್, ಸಭೆ ನಡೀಬೇಕಂದ್ರೆ ಏನಾದ್ರೂ ಆಧಾರ ಬೇಕಲ್ಲಪ್ಪ" ಎಂದ. "ಅದಕ್ಕೆ ದೇವರು ಉಪ್ಪು ಕಾಯಿಸ್ಬೇಕಾ?" ಎಂದೆ. "ದೇವರ ಸೇವಕರು ಉಣ್ಬೇಡ್ವಾ?" ಎಂದ. "ಉಣ್ರಿ, ಯಾರು ಬೇಡ ಅಂದ್ರು? ಮೂವತ್ತೊಂಬತ್ತು ಎಕರೆ ಹಿಡಿಸೋ ಹೊಟ್ಟೆ ಯಾರದ್ದು, ಒಂದ್ಸಲ ತೋರಿಸಿ, ನೋಡ್ಕೊಂಡು ಹೋಗ್ತೀನಿ" ಎಂದೆ. ಒಲೆಗೆ ಸೌದೆ ಹಾಕುತ್ತಿದ್ದವರು ನಕ್ಕರು. ಕ್ರಚರ್ ನಗಲಿಲ್ಲ. ನಿನ್ನ ಗಂಡ ಸಹಿ ಮಾಡಿದ ಕಾಗದವನ್ನು ಅಂಗಿಯೊಳಗಿಂದ ತೆಗೆದು ನನ್ನ ಮುಖದೆದುರು ಹಿಡಿದ.

ಏಸಾನನ್ನು ಬೈಯಬೇಡ. ಹುಡುಗ ಒಳ್ಳೆಯವನು, ಆದರೆ ಬೈಬಲ್ ಕೈಯಲ್ಲಿ ಹಿಡಿದು ಬಂದವರ ಮುಂದೆ ಅವನ ಬೆನ್ನು ತಾನಾಗಿಯೇ ಬಾಗುತ್ತದೆ. ಕ್ರಚರ್ ಟೆನೆಸ್ಸಿಯ ನಿಮ್ಮೂರಿನವರೆಗೂ ಕುದುರೆ ಓಡಿಸಿಕೊಂಡು ಬಂದು, ಗಿರಣಿಯ ಹತ್ತಿರ ಅವನೊಬ್ಬನನ್ನೇ ಹಿಡಿದು ಸಹಿ ಹಾಕಿಸಿಕೊಂಡನಂತೆ. ಅವನು ನಿನಗೆ ಹೇಳಿದ್ದಾನೋ ಇಲ್ಲವೋ. ಹೇಳಿರದಿದ್ದರೆ ಈಗ ನನ್ನಿಂದ ತಿಳಿ. ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಹಂದಿ ಕಡಿದು ಮಾಂಸಕ್ಕೆ ಉಪ್ಪು ಹಾಕಿಡುವ ಕಾಲ ಹತ್ತಿರ ಬಂದಿದೆ. ನಿನ್ನ ಅಪ್ಪ ಇದ್ದಾಗ ಸೌದೆ ಹೊತ್ತು ತಂದವರು ಯಾರಾದರೂ ಸರಿ, ತಮಗೆ ಬೇಕಾದಷ್ಟು ಕಾಯಿಸಿಕೊಂಡು ಹೋಗುತ್ತಿದ್ದರು. ಅವನು ಸತ್ತ ಮೇಲೂ ಹಾಗೇ ನಡೆದಿತ್ತು. ಮೊನ್ನೆ ವಿಧವೆ ಲೆಟಿ ಕತ್ತೆಯ ಮೇಲೆ ಸೌದೆ ಹೇರಿಕೊಂಡು ಬಂದರೆ, "ನಿಮ್ಮ ಸಭೆ ಬೇರೆ, ಅಲ್ಲೇ ಹೋಗಿ ಉಪ್ಪು ಕೇಳಿ" ಎಂದು ತಿರುಗಿಸಿ ಕಳಿಸಿದರು. ಆಕೆ ನಮ್ಮ ಅಂಗಳಕ್ಕೆ ಬಂದು, "ಬಾರ್ನಬಸ್, ನಿಮ್ಮಣ್ಣ ನನ್ನ ಯಾವ ಸಭೆ ಅಂತ ಒಂದಿನಾನೂ ಕೇಳಿರ್ಲಿಲ್ಲ ಕಣಪ್ಪ" ಎಂದಳು.

ಮರುದಿನವೇ ನೆಲದ ಪತ್ರಗಳನ್ನು ದಾಖಲಿಸುವ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ದಪ್ಪ ಪುಸ್ತಕ ತೆರೆದು ತೋರಿಸಿದ. ಕಾಗದ ಇನ್ನೂ ಅದಕ್ಕೆ ಏರಿಲ್ಲ, ಒಂದು ಕೆಲಸ ಬಾಕಿಯಿದೆ. ನಾನು ಹೋಗಿದ್ದ ಸುದ್ದಿ ನನಗಿಂತ ಮೊದಲೇ ಊರು ಸೇರಿತು. ಬರುವ ಶನಿವಾರ ನನ್ನನ್ನು ಸಭೆಯ ಮುಂದೆ ನಿಲ್ಲಿಸಿ ವಿಚಾರಿಸುತ್ತಾರಂತೆ. ದೇವರಿಗೆ ಕೊಟ್ಟ ಮಾತು ತಪ್ಪಿದವನು ಎಂಬ ಆರೋಪ. ನಿಲ್ಲಿಸಲಿ. ದೇವರಿಗೆ ನಾನು ಹೇಳಿದ್ದು ಒಂದು ಎಕರೆ, ಅವನು ಎಣಿಸುವುದರಲ್ಲಿ ಕ್ರಚರನಷ್ಟು ದಡ್ಡನಲ್ಲ.

ಏಸಾನಿಗೆ ನನ್ನ ನೆನಪು ಹೇಳು. ಮಗುವಿನ ಎರಡೂ ಕೆನ್ನೆಗೆ ಈ ಅಜ್ಜನ ಮುತ್ತು. ನಿನ್ನ ಒಲೆ ಆರದಿರಲಿ, ತೊಟ್ಟಿಲು ಬರಿದಾಗದಿರಲಿ, ದೇವರು ನಿನ್ನನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಲಿ, ಅವನ ಹಿರಿಯರು ಎಷ್ಟು ದೂರದಲ್ಲಿದ್ದರೂ ಸರಿ.

ನಿನ್ನ ಚಿಕ್ಕಪ್ಪ,
ಬಾರ್ನಬಸ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ನಾಚಿಕೆಯಾಗಿ ಬಿಟ್ಟದ್ದು. ಈ ಪತ್ರ ಒಯ್ಯಲಿರುವ, ಸೂಜಿ ದಾರ ಮಾರುವವನು ಕುದುರೆಗೆ ಜೀನು ಬಿಗಿಯುತ್ತಿದ್ದಾನೆ, ಬೇಗ ಹೇಳುತ್ತೇನೆ. ಬಾಕಿಯಿರುವ ಕೆಲಸ ನಿನ್ನದೇ. ನೆಲ ಹೆಂಡತಿಯದಾದರೆ ಗಂಡನ ಸಹಿಯೊಂದೇ ಸಾಲದು. ಇಷ್ಟರಲ್ಲೇ ಇಬ್ಬರು ನ್ಯಾಯಾಧಿಕಾರಿಗಳು ನಿನ್ನ ಮನೆಗೆ ಬರುತ್ತಾರೆ. ಏಸಾನನ್ನು ಅಂಗಳಕ್ಕೆ ಕಳಿಸಿ ಬಾಗಿಲು ಹಾಕಿಕೊಂಡು, ನೀನು ಮನಸಾರೆ ಕೊಡುತ್ತಿದ್ದೀಯೋ, ಯಾರಾದರೂ ಒತ್ತಾಯ ಮಾಡಿದರೋ ಎಂದು ಕೇಳುತ್ತಾರೆ. ಕೊಡಲು ಮನಸ್ಸಿಲ್ಲ ಎಂದರೆ ಆ ಕಾಗದ ಸತ್ತಂತೆ. ಟೆನೆಸ್ಸಿಗೆ ಹೊರಡುವ ಮುಂಚೆ ಕ್ರಚರ್ ನನ್ನ ಹತ್ತಿರ ಬಂದು, "ಹುಡುಗಿ ಒಪ್ತಾಳಾ?" ಎಂದು ಕೇಳಿದ್ದ. ಎಷ್ಟು ಎಕರೆ ಎಂದು ನಾನು ಕೇಳಲೇ ಇಲ್ಲ. ಎದೆ ಉಬ್ಬಿಸಿ, "ನಾನು ಸಾಕಿದ ಮಗು, ನನ್ನ ಮಾತು ದಾಟೋಳಲ್ಲ" ಎಂದುಬಿಟ್ಟೆ. ಏಸಾ ಸಹಿ ಹಾಕಿದ್ದು ಆ ಮಾತು ಕೇಳಿಯೇ. ನೀನು ಇಲ್ಲ ಎಂದರೆ ನನ್ನನ್ನು ಸಭೆಯಿಂದ ಹೊರಗೆ ಹಾಕುತ್ತಾರೆ, ಚಿಕ್ಕಮ್ಮ ಒಬ್ಬಳೇ ಪ್ರಾರ್ಥನೆಗೆ ಹೋಗಬೇಕಾಗುತ್ತದೆ. ಅವಳಿಗೆ ಎಲ್ಲವನ್ನೂ ಹೇಳಿದ್ದೇನೆ. "ಒಬ್ಳೇ ಹೋಗ್ತೀನಿ, ದಾರಿ ಗೊತ್ತು" ಎಂದಳು. ಆದ್ದರಿಂದ ನಮ್ಮ ಯೋಚನೆ ಬೇಡ. ಬಾಗಿಲು ಹಾಕಿದ ಮೇಲೆ ಏಸಾನ ಮುಖ ನಿನಗೆ ಕಾಣುವುದಿಲ್ಲ, ನನ್ನದೂ ಕಾಣುವುದಿಲ್ಲ. ದಾಟು ಮಗಳೇ, ನನ್ನ ಮಾತು ದಾಟು.