ಹುಣಸೆಹಣ್ಣು ಹಚ್ಚಿ ತೊಳೆದ ಕನ್ನಡಕ

ಮಾನ್ವಿ
೧೨-೫-೨೦೨೫

ಚಿ. ಸೌ. ಪೂರ್ಣಶ್ರೀಗೆ ನಿನ್ನ ಅಮ್ಮನ ಆಶೀರ್ವಾದಗಳು. ರಾಯರ ದಯದಿಂದ ಇಲ್ಲಿ ಎಲ್ಲರೂ ಕ್ಷೇಮ. ದ್ವಾದಶಿಯಿಂದ ಈಚೆ ನಿನ್ನ ಫೋನ್ ಎತ್ತಲಿಲ್ಲವೆಂದು ಸಿಟ್ಟಾಗಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕುತ್ತೀ, ಪಕ್ಕದಲ್ಲಿ ಅಳಿಯಂದಿರು ಕೂತಿರುತ್ತಾರೆ. ಇದು ಹಾಗೆ ಹೇಳುವ ಮಾತಲ್ಲ. ನಾಳೆ ನಿನ್ನ ತಮ್ಮ ಪ್ರಹ್ಲಾದ ರಾಯಚೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಈ ಕಾಗದವನ್ನೂ ಶ್ರೀಪ್ರಿಯಾಳ ಕನ್ನಡಕವನ್ನೂ ಕಳಿಸುತ್ತಿದ್ದೇನೆ. ಕನ್ನಡಕ ಕೆಟ್ಟಿದೆ. ಕೆಡಿಸಿದವಳು ನಾನೇ.

ಬಯ್ಯಬೇಡ, ಮೊದಲು ಪೂರ್ತಿ ಓದು. ರಜೆಗೆಂದು ನೀನು ಮಗಳನ್ನು ಇಲ್ಲಿ ಬಿಟ್ಟುಹೋದ ದಿನವೇ ನನಗೆ ಆ ಕನ್ನಡಕದ ಮೇಲೆ ಗುಮಾನಿ ಬಂತು. ಬಿಸಿಲಿಗೆ ಹಿಡಿದು ನೋಡಿದರೆ ಗಾಜಿನ ತುಂಬ ಸಣ್ಣ ಸಣ್ಣ ಚುಕ್ಕಿ, ನಡುವೆ ಮಾತ್ರ ಒಂದಿಷ್ಟು ಸಾಫು. ಯಾರೋ ಬೇಡವೆಂದು ಬಿಟ್ಟ ಮಾಲನ್ನು ಅಂಗಡಿಯವನು ನಿಮ್ಮ ತಲೆಗೆ ಕಟ್ಟಿದ್ದಾನೆ, ಡಾಕ್ಟರೂ ಅವನೂ ಒಂದೇ ಅಂದುಕೊಂಡೆ. ಹೂವು ಕೊಡಲು ಬರುವ ಬಸವಂತಮ್ಮನಿಗೂ ತೋರಿಸಿದೆ.

"ಅಮ್ಮಾರ, ಗಾಜಿಗೆ ಸಿಡುಬು ಬಂದಂಗ ಐತಲ್ರೀ! ಹೆಣ್ಣುಮಗಳಿಗಿ ಮೆಳ್ಳಗಣ್ಣು ಅಂದ್ರ ಅದೃಷ್ಟ. ಅದನ್ನ ಯಾಕ ತಿದ್ದಾಕ ಹೊಂಟಾರ್ರೀ?" ಎಂದಳು.

ಆ ಮಾತು ತಲೆ ಹೊಕ್ಕಿತು. ಮಗುವಿನ ಎಡಗಣ್ಣು ನನ್ನದರಂತೆಯೇ ಒಳಕ್ಕೆ ವಾಲುತ್ತದೆ. ದೇವದುರ್ಗಕ್ಕೆ ನನ್ನನ್ನು ನೋಡಲು ಬಂದಾಗ ನಿನ್ನ ಅಜ್ಜಿ ಇದೇ ಕಣ್ಣು ನೋಡಿ "ಲಕ್ಷ್ಮೀ ಬರ್ಲಿಕ್ಕತ್ತಾಳ ಮನಿಗೆ" ಅಂದವರು. ಈಗ ಅದು ಯಾರಿಗೆ ಬೇಡವಾಯಿತು? ಅಳಿಯಂದಿರಿಗೇ ಇರಬೇಕು. ಗುರುಪ್ರಸನ್ನ ಒಳ್ಳೆಯವರೇ, ಇಲ್ಲವೆನ್ನಲಾರೆ. ಆದರೆ ಮಾಸ್ತರರು ನೋಡು, ಗೆರೆ ಸೊಟ್ಟಗಿದ್ದರೆ ಅಳಿಸಿ ಮತ್ತೆ ಬರೆಸುವವರು.

ದ್ವಾದಶಿಯ ಬೆಳಗ್ಗೆ ದೇವರ ಪಾತ್ರೆ ತಿಕ್ಕುತ್ತಿದ್ದೆ. ಮಗು ಇನ್ನೂ ಮಲಗಿತ್ತು. ಕನ್ನಡಕ ಕಣ್ಣಿಗೆ ಬಿತ್ತು. ಬಸ್ಸಿನಲ್ಲಿ ಬಂದದ್ದು, ಯಾರ್ಯಾರು ಮುಟ್ಟಿದ್ದೋ. ಮೈಲಿಗೆಯೂ ಹೋಗಲಿ, ಚುಕ್ಕಿಯೂ ಹೋಗಲಿ ಎಂದು ಪಂಚಪಾತ್ರೆಯ ಜೊತೆಗೇ ಹುಣಸೆಹಣ್ಣು, ರಂಗೋಲಿ ಪುಡಿ ಹಚ್ಚಿ ಗಸಗಸ ತಿಕ್ಕಿಬಿಟ್ಟೆ. ಚುಕ್ಕಿ ಹೋಗಲಿಲ್ಲ. ಗಾಜು ಮಬ್ಬಾಯಿತು.

ಶ್ರೀಪ್ರಿಯಾ ಎದ್ದು ಬಂದು ಅತ್ತಳು ನೋಡು, ಬೀದಿಗೆಲ್ಲ ಕೇಳಿಸುವಂತೆ!

"ಅಜ್ಜೀ, ಆ ಚುಕ್ಕಿ ಬೇಕಂತನೇ ಮಾಡಿದ್ದದ! ಅವು ಇದ್ರ ನಂಬರ್ ಲಗೂ ಏರೂದಿಲ್ಲಂತ."

"ಮತ್ತ ಮೆಳ್ಳಗಣ್ಣು?"

"ಅದಕ್ಕ ಬ್ಯಾರೆ ಮಾಡ್ತಾರಂತ. ಇದು ನಂಬರಿಗೆ ಅಷ್ಟ."

ಎಂಟು ವರ್ಷದ ಕೂಸಿಗೆ ಇಷ್ಟು ಮಾತು ಯಾರು ಕಲಿಸಿದರು? ಅಪ್ಪನೇ ಇರಬೇಕೆಂದು ನನಗೆ ಮತ್ತೆ ಅನುಮಾನ. ಪ್ರಹ್ಲಾದನಿಂದ ಡಾಕ್ಟರಿಗೆ ಫೋನ್ ಹಚ್ಚಿಸಿದೆ. ಅವರೂ ಅದನ್ನೇ ಹೇಳಿದರು: ಕಣ್ಣು ವಾಲಿರುವುದು ಒಂದು, ದೂರದ್ದು ಕಾಣದಿರುವುದು ಇನ್ನೊಂದು, ಈ ಎರಡನೆಯದು ಬೇಗ ಬೆಳೆಯದಿರಲೆಂದು ಈ ಗಾಜು, ದಿನವಿಡೀ ಹಾಕಿಕೊಂಡಿರಬೇಕು.

ಈಗ ಮಗು ಟಿವಿಗೆ ಮೂಗು ಹಚ್ಚಿ ಕೂರುತ್ತಾಳೆ. ಬಾಗಿಲಿಗೆ ಬಂದವರನ್ನು ದನಿ ಕೇಳಿ ಗುರುತಿಸುತ್ತಾಳೆ. ಪ್ರಹ್ಲಾದ ತಿರುಗಿ ಹೊರಡುವುದರೊಳಗೆ ಹೊಸ ಗಾಜು ಹಾಕಿಸಿ ಅವನ ಕೈಯಲ್ಲೇ ಕಳಿಸು. ಅಂಗಡಿಯಲ್ಲೇ ಬಿಸಿಲಿಗೆ ಹಿಡಿದು ನೋಡು, ಚುಕ್ಕಿ ಇಲ್ಲದ್ದು ಕೊಟ್ಟಾನು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಅವರ ಮೇಲೆ ಅನುಮಾನಪಟ್ಟದ್ದನ್ನು ಮಾತ್ರ ಹೇಳಬೇಡ. ರಾಯರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ,
ವಿಜಯಾಬಾಯಿ

ತಾ. ಕ.: ಇದನ್ನು ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ. ಅಳು ನಿಂತ ಮೇಲೆ ಮಗುವನ್ನು ಕೇಳಿದೆ, ಕನ್ನಡಕ ಇಲ್ಲವೆಂದರೆ ಯಾಕಿಷ್ಟು ಹೆದರುತ್ತೀ ಎಂದು. "ದಿನಾ ಹಾಕ್ಕೊಳ್ಳಿಲ್ಲಂದ್ರ ಅಜ್ಜಿ ಹಂಗ ಆಗ್ತೀ, ಎಲ್ಲಾರೂ ನಗ್ತಾರ ಅಂತ ಅಮ್ಮ ಹೇಳ್ಯಾಳ" ಅಂದಳು. ಅಂದು, ನನ್ನ ತೊಡೆಯ ಮೇಲೇ ಮಲಗಿ ನಿದ್ದೆಹೋದಳು. ಪೂರ್ಣಾ, ಅಂಗಡಿಯವನ ಮೇಲೆ, ಡಾಕ್ಟರ ಮೇಲೆ, ನಿನ್ನ ಗಂಡನ ಮೇಲೆ, ಎಲ್ಲರ ಮೇಲೂ ಅನುಮಾನಪಟ್ಟೆ. ನಿನ್ನ ಮೇಲೆ ಪಟ್ಟಿರಲಿಲ್ಲ. ಮಗುವಿಗೆ ಕನ್ನಡಕ ತಪ್ಪಿಸಬೇಡ, ಹಾಕಿಸು. ಕಾರಣ ಮಾತ್ರ ಬೇರೆ ಹೇಳು.