ತಕ್ಕಡಿಯ ಮುಳ್ಳು

ಮೊಂಟಾನಾ, ಸೋಮವಾರ

ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ಹಾರ್ಲನ್ ಅವರಿಗೆ,

ಮೊನ್ನೆ ಆರುನೂರು ಗಜದ ಸ್ಪರ್ಧೆಯಲ್ಲಿ ನಾನು ಗೆದ್ದಾಗ ನೀವು ಎಲ್ಲರೆದುರು, "ಹೊಡೆದಿದ್ದು ಓಪಲ್, ಗೆದ್ದಿದ್ದು ಅವಳ ಗಂಡ ಸಾಯೋ ಮುಂಚೆ ತುಂಬಿಟ್ಟ ತೋಟಾ ಕಣ್ರಪ್ಪಾ!" ಎಂದು ನಕ್ಕಿರಿ.

ನನ್ನ ಗಂಡ ವರ್ನನ್‌ಗೆ ದೂರದ ಗುರಿ ಸ್ಪಷ್ಟವಾಗಿ ಕಾಣುತ್ತಿತ್ತು. ತೋಟಾಕ್ಕೆ ತುಂಬುವ ಮದ್ದನ್ನು ತೂಗುವಾಗ ಮೂಗಿನ ಕೆಳಗಿನ ತಕ್ಕಡಿಯ ಮುಳ್ಳು ಮಾತ್ರ ಅವನ ಕೊನೆಯ ಹನ್ನೊಂದು ವರ್ಷ ಕಾಣುತ್ತಿರಲಿಲ್ಲ. ಮದ್ದಿನ ಒಂದು ಕಾಳು ಹೆಚ್ಚಾದರೂ ಚಿಮಟದಲ್ಲಿ ಹೆಕ್ಕಿ ತೆಗೆದವಳು, ಯಾವ ತೂಕಕ್ಕೆ ಐದು ಗುಂಡೂ ಒಂದೇ ತೂತಿಗೆ ಬೀಳುತ್ತವೆಂದು ಹುಡುಕಿದವಳು ನಾನು. "ಯಾರಿಗೂ ಹೇಳ್ಬೇಡ ಕಣೇ, ಮಾನ ಹೋಗುತ್ತೆ" ಅಂದಿದ್ದ. ಇಷ್ಟು ದಿನ ಹೇಳಿರಲಿಲ್ಲ.

ಬರುವ ಶನಿವಾರಕ್ಕೆ ಗುಂಡು ಹಾರಿಸುವ ನಾಲ್ಕನೇ ಮೇಜು ನನಗಿರಲಿ. ನಿಮ್ಮ ಗೋಡೆಯ ಮೇಲಿರುವ, ವರ್ನನ್ ಆ ಹನ್ನೊಂದು ವರ್ಷಗಳಲ್ಲಿ ಗೆದ್ದ ಏಳು ಟ್ರೋಫಿಗಳ ಮೇಲೂ ನಿಮ್ಮ ಮಾತನ್ನೇ ಕೆತ್ತಿಸಿ: ಹೊಡೆದದ್ದು ವರ್ನನ್, ಗೆದ್ದದ್ದು ಅವನ ಹೆಂಡತಿ ತುಂಬಿದ ತೋಟಾ.

ಇಂತಿ,
ಓಪಲ್ ಲಿಂಡ್‌ಕ್ವಿಸ್ಟ್